ಮನೆಯ ಕಂಪ್ಯೂಟರಿಗೆ ಜೋಡಿ ಹಾರ್ಡ್ ಡಿಸ್ಕ್ ಹಾಕಿ, ಒಂದನ್ನು ಕಿತ್ತು ನೋಡಿದ್ದು

ಹಾರ್ಡ್ ಡಿಸ್ಕ್ ಕೈಕೊಡುವುದಕ್ಕೆ ಮುಹೂರ್ತ ಅಂತ ಇರುವುದಿಲ್ಲ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ತೇಲುವ ಹೆಡ್. ಇಂಥದ್ದು ವರ್ಷಗಟ್ಟಲೆ ಸುಸೂತ್ರವಾಗಿ ನಡೆಯುತ್ತದಲ್ಲ, ಅದೇ ದೊಡ್ಡದು. ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿ ಫೋಟೊ, ವಿಡಿಯೊ, ಸ್ಕ್ಯಾನ್ ಮಾಡಿಟ್ಟ ಕಾಗದಪತ್ರ, ತಮ್ಮ ಮಾಡಿದ ಧ್ವನಿಮುದ್ರಣಗಳು ಎಲ್ಲವೂ ಒಂದೇ ಡಿಸ್ಕನ್ನು ನೆಚ್ಚಿಕೊಂಡಿದ್ದವು. ಹೊರಗಿನ ಯುಎಸ್‌ಬಿ ಡಿಸ್ಕಿನಲ್ಲಿ ಬ್ಯಾಕಪ್ ಇತ್ತು, ನಿಜ. ಆದರೆ ಒಳಗಿನ ಡಿಸ್ಕ್ ಹೋದರೆ ಹೊಸದನ್ನು ತಂದು, ಹಾಕಿ, ಟೆರಾಬೈಟ್‌ಗಟ್ಟಲೆ ಮಾಹಿತಿಯನ್ನು ಮರಳಿ ತುಂಬುವ ತನಕ ಎಲ್ಲ ಕೆಲಸವೂ ನಿಂತ ಹಾಗೆಯೇ. ಕೊನೆಯ ಬ್ಯಾಕಪ್ ಆದ ಮೇಲೆ ಸೇರಿಸಿದ್ದಂತೂ ಸಿಗುವುದೇ ಇಲ್ಲ. ಈ ಎರಡು ತೊಂದರೆಗಳಿಗೆ ಇರುವ ಹಳೆಯ ಉಪಾಯ ಮಿರರ್: ಎರಡು ಡಿಸ್ಕ್ ಹಾಕಿ, ಬರೆಯುವ ಪ್ರತಿಯೊಂದೂ ಎರಡಕ್ಕೂ ಬೀಳುವಂತೆ ಮಾಡುವುದು.

ಇದನ್ನೇ ರೇಡ್ 1 ಎನ್ನುತ್ತಾರೆ. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಎಂಬ ಮೂವರು ಒಂದು ದುಬಾರಿ ದೊಡ್ಡ ಡಿಸ್ಕಿನ ಬದಲು ಹಲವು ಅಗ್ಗದ ಸಣ್ಣ ಡಿಸ್ಕ್‌ಗಳನ್ನು ಒಟ್ಟುಗೂಡಿಸಬಹುದು ಎಂದು ವಾದಿಸಿ ಒಂದು ಪ್ರಬಂಧ ಮಂಡಿಸಿದರು. ಹೀಗೆ ಒಟ್ಟುಗೂಡಿಸುವ ಬಗೆಗಳಿಗೆ ಅವರು ಕೊಟ್ಟ ಅಂಕಿಗಳೇ ಇವತ್ತಿಗೂ ಬಳಕೆಯಲ್ಲಿವೆ. ಮಿರರ್ ಪದ್ಧತಿ ಅವರಿಗಿಂತ ಮೊದಲೇ ಇತ್ತು. ಅವರು ಅದಕ್ಕೆ 1 ಎಂದು ಅಂಕಿ ಕೊಟ್ಟರು, ಅಷ್ಟೇ. ಐದು, ಆರು ಎಂದು ಮುಂದೆ ಹೋದಷ್ಟೂ ಲೆಕ್ಕಾಚಾರ ಜಟಿಲವಾಗುತ್ತದೆ. ಮನೆಗೆ ರೇಡ್ 1 ಸಾಕು. ಅದರಲ್ಲಿ ಲೆಕ್ಕಾಚಾರವೇ ಇಲ್ಲ, ಇಲ್ಲಿರುವುದೇ ಅಲ್ಲಿಯೂ ಇರುತ್ತದೆ.

ತಮ್ಮನಿಗೆ ಮೊದಲು ಇದು ಒಪ್ಪಿಗೆಯಾಗಲಿಲ್ಲ. "ನಾಲ್ಕು ಟಿಬಿಯ ಎರಡು ಡಿಸ್ಕ್ ತರ್ತೀಯ, ಸಿಗೋದು ನಾಲ್ಕೇ ಟಿಬಿ. ಅರ್ಧ ದುಡ್ಡು ನೀರಿಗೆ ಹಾಕಿದ ಹಾಗಲ್ವಾ ಅಣ್ಣ?"

"ಒಂದು ಡಿಸ್ಕ್ ಹೋದ ದಿನವೂ ನಿನ್ನ ರೆಕಾರ್ಡಿಂಗ್ ನಿಲ್ಲಬಾರದು ಅಂದ್ರೆ ಅದಕ್ಕೆ ಕೊಡೋ ಬೆಲೆ ಕಣೋ ಅದು."

"ಹಾಗಾದ್ರೆ ಇನ್ನು ಬ್ಯಾಕಪ್ ರಗಳೆ ಇಲ್ಲ ಅನ್ನು."

ಈ ಕೊನೆಯ ಮಾತಿಗೆ ಉತ್ತರವನ್ನು ಆಮೇಲೆ ಕಂಪ್ಯೂಟರಿನ ಮುಂದೆಯೇ ಕೂರಿಸಿ ತೋರಿಸಬೇಕಾಯಿತು. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಮೊದಲು ತೀರ್ಮಾನಿಸಬೇಕಾದದ್ದು ಮಿರರ್ ನೋಡಿಕೊಳ್ಳುವವರು ಯಾರು ಎಂಬುದನ್ನು. ಬಹಳಷ್ಟು ಮದರ್‌ಬೋರ್ಡ್‌ಗಳ ಬಯೋಸ್‌ನಲ್ಲೇ ರೇಡ್ ಎಂಬ ಆಯ್ಕೆ ಇರುತ್ತದೆ. ಆರಿಸಿದರೆ ಆಯಿತು, ಇನ್ನೇನೂ ಬೇಡ ಎಂಬಂತೆ ಕಾಣುತ್ತದೆ. ನನಗೆ ಅದರ ಮೇಲೆ ಭರವಸೆ ಬರಲಿಲ್ಲ. ಅಲ್ಲಿ ಪ್ರತ್ಯೇಕ ರೇಡ್ ಕಾರ್ಡ್ ಏನೂ ಇರುವುದಿಲ್ಲ, ಕೆಲಸವನ್ನೆಲ್ಲ ಕೊನೆಗೆ ಡ್ರೈವರ್ ಮೂಲಕ ಪ್ರೊಸೆಸರೇ ಮಾಡುತ್ತದೆ. ಜೋಡಿಯ ವಿವರ ಮಾತ್ರ ಆ ಚಿಪ್‌ಸೆಟ್‌ನವರ ಪದ್ಧತಿಯಲ್ಲಿ ಡಿಸ್ಕಿನ ಮೇಲೆ ಕೂತಿರುತ್ತದೆ. ನಾಳೆ ಮದರ್‌ಬೋರ್ಡ್ ಸುಟ್ಟು ಬೇರೆ ಬಗೆಯದು ಬಂದರೆ ಎರಡು ಡಿಸ್ಕ್ ಚೆನ್ನಾಗಿದ್ದೂ ಜೋಡಿ ತೆರೆಯದೆ ಹೋಗಬಹುದು. ಬಯೋಸ್ ಅಪ್‌ಡೇಟ್ ಮಾಡಿದಾಗಲೋ ಬೋರ್ಡಿನ ಬಟನ್ ಬ್ಯಾಟರಿ ಸತ್ತಾಗಲೋ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗಿ ರೇಡ್ ಆಯ್ಕೆಯೇ ಕಳಚಿಕೊಳ್ಳುವುದೂ ಉಂಟು.

ವಿಂಡೋಸ್ ಬಳಸುವವರಿಗೆ 2012ರಲ್ಲಿ ವಿಂಡೋಸ್ 8 ಜೊತೆ ಬಂದ ಸ್ಟೋರೇಜ್ ಸ್ಪೇಸಸ್ ಇದೆ. ಅದರಲ್ಲಿ ಟೂ ವೇ ಮಿರರ್ ಆರಿಸಿದರೆ ಎರಡು ಡಿಸ್ಕ್ ಸಾಕು, ನಾಲ್ಕು ಕ್ಲಿಕ್ಕಿಗೆ ಕೆಲಸ ಮುಗಿಯುತ್ತದೆ. ನಮ್ಮ ಯಂತ್ರದಲ್ಲಿರುವುದು ಲಿನಕ್ಸ್, ಡೆಬಿಯನ್ ಬಳಗದ್ದು. ಅಲ್ಲಿ ದಾರಿ ಮೂರು: ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇರುವ ಎಂಡಿ ರೇಡ್, ಕಡತ ವ್ಯವಸ್ಥೆಗಳಾದ ಬಿಟಿಆರ್‌ಎಫ್‌ಎಸ್ ಮತ್ತು ಝಡ್‌ಎಫ್‌ಎಸ್. ಕೊನೆಯ ಎರಡರಲ್ಲಿ ಒಂದು ಗುಣವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅವು ಪ್ರತಿ ತುಣುಕಿಗೂ ಚೆಕ್‌ಸಮ್, ಅಂದರೆ ಒಳಗಿನದು ಬದಲಾದರೆ ತಿಳಿಸುವ ಗುರುತು ಸಂಖ್ಯೆ, ಬರೆದಿಡುತ್ತವೆ. ಎರಡು ಪ್ರತಿಗಳಲ್ಲಿ ವ್ಯತ್ಯಾಸ ಕಂಡರೆ ಸರಿ ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸಿ ಕೆಟ್ಟದ್ದನ್ನು ತಾವೇ ಸರಿಪಡಿಸುತ್ತವೆ. ಎಂಡಿಗೆ ಆ ಜ್ಞಾನ ಇಲ್ಲ. ಸೆಕ್ಟರ್ ಎಂಬ ಸಣ್ಣ ತುಣುಕೊಂದರ ಬಗ್ಗೆ ಡಿಸ್ಕ್ ತಾನಾಗಿ "ಇದನ್ನು ಓದಲಾಗುತ್ತಿಲ್ಲ" ಎಂದರೆ ಇನ್ನೊಂದರಿಂದ ತಂದುಕೊಡುತ್ತದೆ. ಸದ್ದಿಲ್ಲದೆ ತಪ್ಪು ಬಿಟ್ ಕೊಟ್ಟರೆ ಅದಕ್ಕೆ ತಿಳಿಯುವುದಿಲ್ಲ.

ಆದರೂ ಎಂಡಿಯನ್ನೇ ಆರಿಸಿಕೊಂಡೆ. ಬಿಟಿಆರ್‌ಎಫ್‌ಎಸ್ ಜೋಡಿಯಲ್ಲಿ ಒಂದು ಡಿಸ್ಕ್ ಕಾಣೆಯಾದರೆ, ಡಿಗ್ರೇಡೆಡ್ ಎಂಬ ಆಯ್ಕೆಯನ್ನು ನಾವಾಗಿ ಕೊಡದ ಹೊರತು ಅದು ಮೌಂಟ್ ಆಗುವುದಿಲ್ಲ, ಅಂದರೆ ಬಳಕೆಗೆ ತೆರೆದುಕೊಳ್ಳುವುದಿಲ್ಲ. ಎಚ್ಚರಿಕೆಯ ದೃಷ್ಟಿಯಿಂದ ಅದು ಸರಿಯೇ. ನನಗೆ ಬೇಕಿದ್ದದ್ದು ಮಾತ್ರ ನಾನು ಮನೆಯಲ್ಲಿ ಇಲ್ಲದ ದಿನ ಡಿಸ್ಕ್ ಸತ್ತರೂ ತಮ್ಮನ ಕೆಲಸ ನಡೆಯುತ್ತಲೇ ಇರಬೇಕು ಎಂಬುದು. ಝಡ್‌ಎಫ್‌ಎಸ್ ಲೈಸೆನ್ಸ್ ಕಾರಣದಿಂದ ಕರ್ನಲ್‌ನ ಹೊರಗೇ ಉಳಿದಿದೆ. ಎಂಡಿ ಮೇಲೆ ಇಎಕ್ಸ್‌ಟಿ4 ಎಂಬ ಲಿನಕ್ಸ್‌ನ ಮಾಮೂಲಿ ಕಡತ ವ್ಯವಸ್ಥೆ ಹಾಕಿದರೆ, ಜೋಡಿಯ ಒಂದೇ ಒಂದು ಡಿಸ್ಕನ್ನು ಯಾವ ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದರೂ ತೆರೆದುಕೊಳ್ಳುತ್ತದೆ. ಚೆಕ್‌ಸಮ್ ಕೊರತೆಗೆ ಫೋಟೊಗಳ ಫೋಲ್ಡರಿಗೆ ಶಾ256 ಎಂಬ ಬಗೆಯ ಚೆಕ್‌ಸಮ್‌ಗಳ ಪಟ್ಟಿಯೊಂದನ್ನು ಬೇರೆಯಾಗಿ ಮಾಡಿಟ್ಟಿದ್ದೇನೆ. ಬದಲಾಗದ ಕಡತಗಳಿಗೆ ಅದು ಸಾಕು.

ಡಿಸ್ಕ್ ಕೊಳ್ಳುವಾಗ ಎರಡು ವಿಷಯ ನೋಡಿದೆ. ಮೊದಲನೆಯದು ಬರೆಯುವ ಬಗೆ. ಎಸ್‌ಎಂಆರ್ ಎಂಬ ಬಗೆಯಲ್ಲಿ ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಟ್ರ್ಯಾಕ್‌ಗಳು ಅಂಚಿನಲ್ಲಿ ಒಂದನ್ನೊಂದು ಮುಚ್ಚಿಕೊಂಡಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ದಿನಬಳಕೆಯಲ್ಲಿ ಗೊತ್ತಾಗದ ಈ ನಿಧಾನ, ಇಡೀ ಡಿಸ್ಕಿಗೆ ಎಡೆಬಿಡದೆ ಬರೆಯಬೇಕಾದ ಮರುಜೋಡಣೆಯ ಹೊತ್ತಿನಲ್ಲಿ ಪ್ರಾಣ ಹಿಂಡುತ್ತದೆ. 2020ರಲ್ಲಿ ಕೆಲವು ತಯಾರಕರು ಈ ಬಗೆಯ ಡಿಸ್ಕ್‌ಗಳನ್ನು ಹಾಗೆಂದು ತಿಳಿಸದೆ ಮಾರುತ್ತಿದ್ದುದು ಬಯಲಾಗಿ ಗದ್ದಲವಾಯಿತು. ಅದರ ಫಲವಾಗಿ ಈಗ ಯಾವ ಮಾದರಿ ಟ್ರ್ಯಾಕ್‌ಗಳು ಹಾಗೆ ಮುಚ್ಚಿಕೊಳ್ಳದ ಸಿಎಂಆರ್, ಯಾವುದು ಎಸ್‌ಎಂಆರ್ ಎಂಬ ಪಟ್ಟಿಗಳು ತಯಾರಕರ ತಾಣಗಳಲ್ಲೇ ಸಿಗುತ್ತವೆ. ಸಿಎಂಆರ್ ಎಂದು ಖಾತ್ರಿಯಾದ ಮೇಲಷ್ಟೇ ಮುಂದುವರಿದೆ. ಎರಡನೆಯದು, ಒಂದೇ ಕಾರ್ಖಾನೆಯ ಒಂದೇ ಕಂತಿನ ಜೋಡಿ ಬೇಡ ಎಂಬುದು. ಒಟ್ಟಿಗೆ ಹುಟ್ಟಿ, ಒಂದೇ ಪೆಟ್ಟಿಗೆಯಲ್ಲಿ ಪಯಣಿಸಿ, ಒಂದೇ ಶಾಖದಲ್ಲಿ ಒಂದೇ ಕೆಲಸ ಮಾಡುವ ಎರಡು ಡಿಸ್ಕ್‌ಗಳಿಗೆ ದೋಷವೂ ಒಟ್ಟಿಗೇ ಬರುವ ಸಂಭವ ಹೆಚ್ಚು. ಅದಕ್ಕೆ ಎರಡು ಬೇರೆ ತಯಾರಕರ ನಾಲ್ಕು ಟಿಬಿ ಡಿಸ್ಕ್ ತರಿಸಿದೆ. ಗಾತ್ರ ಹೊಂದುತ್ತದೋ ಇಲ್ಲವೋ ಎಂಬ ಭಯ ಬೇಡ. ನಾಲ್ಕು ಟಿಬಿ ಎಂದು ಮಾರುವ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಯಾರದ್ದಾದರೂ 512 ಬೈಟಿನ 7814037168 ಸೆಕ್ಟರ್ ಇರುತ್ತವೆ. ನನ್ನ ಎರಡರಲ್ಲೂ ಅಷ್ಟೇ ಇದ್ದವು.

ಕ್ಯಾಬಿನೆಟ್‌ನೊಳಗೆ ಕೂರಿಸುವುದು ಸ್ಕ್ರೂಡ್ರೈವರ್ ಕೆಲಸ, ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಎರಡರ ನಡುವೆ ಒಂದು ಖಾಲಿ ಅಂತಸ್ತು ಬಿಟ್ಟೆ, ಮುಂದಿನ ಫ್ಯಾನ್ ಗಾಳಿ ನೇರ ಬೀಳುವ ಹಾಗೆ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಿಂದಲೇ ಬರುವ ಸಾಟಾ ಪವರ್ ಕನೆಕ್ಟರ್‌ಗಳನ್ನು ಬಳಸಿದೆ. ಹಳೆಯ ನಾಲ್ಕು ಪಿನ್ನಿನ ಪವರ್ ತಂತಿಗೆ ಸಿಕ್ಕಿಸುವ ಅಚ್ಚು ಹಾಕಿದ ಅಡಾಪ್ಟರ್‌ಗಳು ಒಳಗೇ ಶಾರ್ಟ್ ಆಗಿ ಕರಗಿದ ಪ್ರಸಂಗಗಳು ಬೇಕಾದಷ್ಟಿವೆ. ಮದರ್‌ಬೋರ್ಡ್ ಕೈಪಿಡಿಯಲ್ಲಿ ಓದಲೇಬೇಕಾದ ಪುಟ ಒಂದಿದೆ: ಎಂ.2 ಕಿಂಡಿಯಲ್ಲಿ ಎಸ್‌ಎಸ್‌ಡಿ ಇದ್ದರೆ ಯಾವ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ ಎಂಬುದು. ನಮ್ಮದರಲ್ಲಿ ಕೊನೆಯ ಎರಡು ಪೋರ್ಟ್‌ಗಳು ಹಾಗೆ ಸುಮ್ಮನಾಗುತ್ತವೆ.

ಆಪರೇಟಿಂಗ್ ಸಿಸ್ಟಮ್ ಆ ಎಸ್‌ಎಸ್‌ಡಿಯಲ್ಲೇ ಉಳಿಯಿತು. ಮಿರರ್ ಮಾಹಿತಿಗೆ ಮಾತ್ರ. ಬೂಟ್ ಆಗುವ ಡಿಸ್ಕನ್ನೂ ಮಿರರ್ ಮಾಡಬಹುದು, ಆದರೆ ಬೂಟ್ ಕಡತಗಳಿರುವ ಇಎಫ್‌ಐ ಪಾರ್ಟಿಷನ್ನನ್ನು ಓದುವ ಫರ್ಮ್‌ವೇರ್‌ಗೆ ಎಂಡಿ ಎಂದರೆ ಏನೆಂದೇ ತಿಳಿಯದು. ಅದಕ್ಕೆ ಜೋಡಿಯ ವಿವರವಿರುವ ಮೆಟಾಡೇಟಾವನ್ನು ಪಾರ್ಟಿಷನ್ನಿನ ಕೊನೆಯಲ್ಲಿ ಬರೆಯುವ 1.0 ಆವೃತ್ತಿ ಬಳಸಿ, ಮೊದಲಲ್ಲಿ ಬರೀ ಫ್ಯಾಟ್ ಎಂಬ ಕಡತ ವ್ಯವಸ್ಥೆ ಇದ್ದಂತೆ ತೋರಿಸುವ ಕಸರತ್ತು ಮಾಡಬೇಕು. ಎಸ್‌ಎಸ್‌ಡಿ ಹೋದರೆ ಮರಳಿ ಇನ್‌ಸ್ಟಾಲ್ ಮಾಡುವುದು ಅದಕ್ಕಿಂತ ಸಲೀಸು ಎನಿಸಿತು.

ಹೊಸ ಡಿಸ್ಕನ್ನು ನಂಬಿ ಕೂಡಲೇ ಮಾಹಿತಿ ತುಂಬುವುದು ನನ್ನ ಜಾಯಮಾನ ಅಲ್ಲ. ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಿಂದ ಎರಡರ ಅಂಕಿಅಂಶ ಬರೆದಿಟ್ಟುಕೊಂಡೆ. ಆ ಉದ್ದನೆಯ ಪಟ್ಟಿಯಲ್ಲಿ ಕಣ್ಣಿಡಬೇಕಾದ್ದು ನಾಲ್ಕು ಸಾಲು. 5 ಎಂಬ ಸಂಖ್ಯೆಯ ಸಾಲು ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ ಎಣಿಕೆ. 197 ಓದಲಾಗದೆ ತೀರ್ಮಾನಕ್ಕೆ ಕಾದಿರುವವು. 198 ಡಿಸ್ಕ್ ತಾನೇ ಪರೀಕ್ಷಿಸಿದಾಗಲೂ ಓದಲಾಗದವು. 199 ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಗಣೆಯಲ್ಲಾದ ತಪ್ಪುಗಳು. ಹೊಸ ಡಿಸ್ಕಿನಲ್ಲಿ ನಾಲ್ಕೂ ಸೊನ್ನೆ ಇರಬೇಕು. ಇದ್ದವು. ಆಮೇಲೆ ಡಿಸ್ಕಿನದೇ ದೀರ್ಘ ಸ್ವಪರೀಕ್ಷೆ, ಅದರ ನಂತರ ಬ್ಯಾಡ್‌ಬ್ಲಾಕ್ಸ್. ಈ ಎರಡನೆಯದು ಇಡೀ ಡಿಸ್ಕಿನ ಮೇಲೆ ನಾಲ್ಕು ಬಗೆಯ ಬಿಟ್ ಮಾದರಿಗಳನ್ನು ಬರೆದು, ಪ್ರತಿಯೊಂದನ್ನೂ ಮರಳಿ ಓದಿ ಹೋಲಿಸುತ್ತದೆ. ಎಂಟು ಸಲ ಡಿಸ್ಕಿನ ಉದ್ದಗಲ ಓಡಾಟ, ಒಂದು ಓಟಕ್ಕೆ ಎಂಟು ಗಂಟೆ ಹಿಡಿದರೂ ಅರವತ್ತನಾಲ್ಕು ಗಂಟೆ. ಡಿಸ್ಕ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಖಾಲಿ ಡಿಸ್ಕಿಗೆ ಮಾತ್ರ ಇದು.

ಆ ದೀರ್ಘ ಓಟದಲ್ಲೇ ಒಂದು ಡಿಸ್ಕಿನ 199ನೇ ಸಾಲು ಏರತೊಡಗಿತು. ಕರ್ನಲ್ ಲಾಗ್‌ನಲ್ಲಿ ಆ ಪೋರ್ಟ್ ಮತ್ತೆಮತ್ತೆ ರೀಸೆಟ್ ಆದ ಸಾಲುಗಳು, ಕೊನೆಗೆ ವೇಗವನ್ನು ಸೆಕೆಂಡಿಗೆ 6 ಗಿಗಾಬಿಟ್‌ನಿಂದ 3ಕ್ಕೆ ಇಳಿಸಿದ ಸೂಚನೆ. ಐದು, 197, 198 ಮೂರೂ ಸೊನ್ನೆಯಲ್ಲೇ ಇದ್ದವು. ಅಂದರೆ ತಟ್ಟೆಗಳ ಮೇಲೆ ಏನೂ ತೊಂದರೆ ಇಲ್ಲ, ದಾರಿಯಲ್ಲಿ ತೊಂದರೆ. ಆ ಡಿಸ್ಕಿಗೆ ಹಾಕಿದ್ದು ಡ್ರಾಯರ್‌ನಲ್ಲಿ ಬಿದ್ದಿದ್ದ ಸಾಟಾ ಕೇಬಲ್. ಲೋಹದ ಚಿಲಕ ಇರುವ ಹೊಸ ಕೇಬಲ್ ಹಾಕಿದ ಮೇಲೆ ಎಣಿಕೆ ಅಲ್ಲಿಗೇ ನಿಂತಿತು. ಈ ಎಣಿಕೆ ಮರಳಿ ಸೊನ್ನೆಗೆ ಬರುವುದಿಲ್ಲ, ಆದ್ದರಿಂದ ನಿಂತ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಮಾಹಿತಿ ತುಂಬಿದ ಮೇಲೆ ಇದು ಕಂಡಿದ್ದರೆ ಎಂಡಿ ಆ ಡಿಸ್ಕನ್ನು ಜೋಡಿಯಿಂದ ಹೊರಗೆ ತಳ್ಳುತ್ತಿತ್ತು, ನಾವು ಒಳ್ಳೆಯ ಡಿಸ್ಕನ್ನು ಕೆಟ್ಟಿತೆಂದು ಎಸೆಯುತ್ತಿದ್ದೆವು. ಹೀಗೆ ವಿನಾಕಾರಣ ಎಸೆಯಲ್ಪಟ್ಟ ಡಿಸ್ಕ್‌ಗಳು ಲೋಕದಲ್ಲಿ ಎಷ್ಟಿವೆಯೋ.

ಇದೇ ಹಂತದಲ್ಲಿ ಮಾಡಬೇಕಾದ, ಹೆಚ್ಚಿನವರು ಬಿಟ್ಟುಬಿಡುವ ಒಂದು ಕೆಲಸವಿದೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಒಂದು ಸೆಕ್ಟರ್ ಓದಲಾಗದಿದ್ದರೆ ಬಿಡದೆ ಯತ್ನಿಸುತ್ತದೆ, ನಿಮಿಷ ದಾಟಿದರೂ ಸರಿ. ಒಂಟಿ ಡಿಸ್ಕಿಗೆ ಈ ಹಟ ಒಳ್ಳೆಯದು. ಜೋಡಿಯಲ್ಲಿ ಇದೇ ಹಾನಿ. ಲಿನಕ್ಸ್ ಕರ್ನಲ್ 30 ಸೆಕೆಂಡ್ ಕಾದು, ಉತ್ತರ ಬಾರದಿದ್ದರೆ ಸಂಪರ್ಕವನ್ನೇ ರೀಸೆಟ್ ಮಾಡುತ್ತದೆ. ಒಂದು ಸೆಕ್ಟರಿನ ದೆಸೆಯಿಂದ ಇಡೀ ಡಿಸ್ಕ್ ಸತ್ತಿತೆಂದು ಎಂಡಿ ಭಾವಿಸುತ್ತದೆ. ಡಿಸ್ಕ್ ಬೇಗ ಸೋಲೊಪ್ಪಿಕೊಂಡರೆ ಆ ಒಂದು ತುಣುಕನ್ನು ಇನ್ನೊಂದು ಡಿಸ್ಕಿನಿಂದ ತರಬಹುದಿತ್ತು. ಹಾಗೆ ಬೇಗ ಒಪ್ಪಿಕೊಳ್ಳುವಂತೆ ಸ್ಮಾರ್ಟ್‌ಸಿಟಿಎಲ್‌ನ ಎಸ್‌ಸಿಟಿಇಆರ್‌ಸಿ ಆಯ್ಕೆಯಲ್ಲಿ 70, 70 ಎಂದು ಕೊಡಬೇಕು. ಅದು ಸೆಕೆಂಡಿನ ಹತ್ತನೇ ಒಂದರ ಲೆಕ್ಕ, ಅಂದರೆ ಏಳು ಸೆಕೆಂಡ್. ಎಷ್ಟೋ ಡಿಸ್ಕ್‌ಗಳು ವಿದ್ಯುತ್ ಹೋದೊಡನೆ ಇದನ್ನು ಮರೆಯುವುದರಿಂದ ಪ್ರತಿ ಬೂಟಿನಲ್ಲೂ ನಡೆಯುವ ಸಣ್ಣ ಸ್ಕ್ರಿಪ್ಟ್‌ನಲ್ಲಿ ಹಾಕಿದೆ. ಈ ಸೌಲಭ್ಯವೇ ಇಲ್ಲದ ಡಿಸ್ಕ್ ಆಗಿದ್ದರೆ ಕರ್ನಲ್‌ನ ಕಾಯುವ ಅವಧಿಯನ್ನೇ 180 ಸೆಕೆಂಡಿಗೆ ಏರಿಸುವುದು ರೂಢಿ.

ಜೋಡಿ ಕಟ್ಟುವುದು ಇದೆಲ್ಲಕ್ಕಿಂತ ಚಿಕ್ಕ ಕೆಲಸ. ಎರಡಕ್ಕೂ ಜಿಪಿಟಿ ಪಾರ್ಟಿಷನ್ ಪಟ್ಟಿ ಬರೆದೆ. ಹಳೆಯ ಎಂಬಿಆರ್ ಪದ್ಧತಿಗೆ ಎರಡು ಟಿಬಿಯಿಂದಾಚೆ ಎಣಿಸಲು ಬರುವುದಿಲ್ಲ. ಒಂದೇ ದೊಡ್ಡ ಪಾರ್ಟಿಷನ್, ಕೊನೆಯಲ್ಲಿ ನೂರು ಎಂಬಿ ಖಾಲಿ. ಮುಂದೊಂದು ದಿನ ಬದಲಿಗೆ ಬರುವ ಡಿಸ್ಕಿನಲ್ಲಿ ಕೆಲವು ಸೆಕ್ಟರ್ ಕಡಿಮೆ ಇದ್ದರೂ ಅದು ಜೋಡಿಗೆ ಸೇರಬೇಕಲ್ಲ. ಆಮೇಲೆ ಎಂಡಿ ಜೋಡಿಗಳನ್ನು ನಿಭಾಯಿಸುವ ಎಂಡಿಆಡ್ಮ್‌ಗೆ ಒಂದೇ ಸಾಲು: ಹೊಸದು ರಚಿಸು, ಮಟ್ಟ 1, ಡಿಸ್ಕ್ ಎರಡು, ಅವು ಇವು. ಹೆಸರು ಕೊಡುವಾಗ ಎಸ್‌ಡಿಎ, ಎಸ್‌ಡಿಬಿ ಎಂದು ಕೊಡಲಿಲ್ಲ. ಆ ಅಕ್ಷರಗಳು ಬೂಟಿನಿಂದ ಬೂಟಿಗೆ ಅದಲುಬದಲಾಗುತ್ತವೆ. ಸೀರಿಯಲ್ ಸಂಖ್ಯೆ ಸೇರಿರುವ ಉದ್ದ ಹೆಸರುಗಳು ಸಿಸ್ಟಮ್‌ನಲ್ಲೇ ಸಿಗುತ್ತವೆ, ಅವನ್ನೇ ಬಳಸಿದೆ. ಅದೇ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ದೊಡ್ಡದಾಗಿ ಬರೆದು ಪ್ರತಿ ಡಿಸ್ಕಿನ ಹೊರಗೆ ಕಾಣುವ ಅಂಚಿಗೆ ಅಂಟಿಸಿದೆ. ಕೆಟ್ಟದ್ದನ್ನು ಕೀಳಲು ಹೋಗಿ ಒಳ್ಳೆಯದನ್ನು ಕಿತ್ತರೆ ಮಿರರ್ ಇದ್ದೂ ಇಲ್ಲದಂತೆಯೇ.

ಹಳೆಯ ಡಿಸ್ಕನ್ನೇ ಜೋಡಿಯ ಒಂದು ಪಾಲು ಮಾಡಿಕೊಳ್ಳುವ ದಾರಿಯೂ ಇದೆ. ಎರಡನೇ ಡಿಸ್ಕಿನ ಜಾಗದಲ್ಲಿ ಮಿಸ್ಸಿಂಗ್ ಎಂದು ಬರೆದು ಅರ್ಧ ಜೋಡಿ ಕಟ್ಟಿ, ಮಾಹಿತಿಯನ್ನು ಹೊಸದಕ್ಕೆ ನಕಲಿಸಿ, ಕೊನೆಗೆ ಹಳೆಯದನ್ನು ಅಳಿಸಿ ಸೇರಿಸುವುದು. ಬೇರೆ ಬ್ಯಾಕಪ್ ಇಲ್ಲದವರು ಇದಕ್ಕೆ ಕೈಹಾಕದಿರುವುದೇ ಲೇಸು. ಹಳೆಯದನ್ನು ಅಳಿಸಿದ ಮೇಲೆ ಜೋಡಣೆ ಪೂರ್ತಿಯಾಗುವ ತನಕ ಎಲ್ಲವೂ ಒಂದೇ ಒಂದು ಹೊಸ ಡಿಸ್ಕಿನ ಮೇಲಿರುತ್ತದೆ.

ಸಾಲು ಕೊಟ್ಟೊಡನೆ ಜೋಡಣೆ ಶುರು. ಖಾಲಿ ಡಿಸ್ಕ್‌ಗಳೇ ಆದರೂ ಒಂದರದ್ದನ್ನು ಇನ್ನೊಂದಕ್ಕೆ ಮೊದಲಿಂದ ಕೊನೆಯವರೆಗೆ ನಕಲಿಸುತ್ತದೆ, ಎಂಡಿಗೆ ಖಾಲಿ ಯಾವುದು ತುಂಬಿದ್ದು ಯಾವುದು ಎಂಬ ಭೇದವಿಲ್ಲ. ಜೋಡಿಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಕಡತದಲ್ಲಿ ಶೇಕಡಾವಾರು ಏರುವುದನ್ನು ನೋಡಬಹುದು. ಮೊದಲಿಗೆ ಸೆಕೆಂಡಿಗೆ 180 ಎಂಬಿ ಹತ್ತಿರ ಇದ್ದದ್ದು ಕೊನೆಕೊನೆಗೆ ಅರ್ಧಕ್ಕೆ ಇಳಿಯಿತು. ತಟ್ಟೆಯ ಹೊರ ಅಂಚಿನ ಸುತ್ತಿನಲ್ಲಿ ಹಿಡಿಯುವಷ್ಟು ಒಳಸುತ್ತಿನಲ್ಲಿ ಹಿಡಿಯುವುದಿಲ್ಲ, ಡಿಸ್ಕ್ ತಿರುಗುವುದು ಮಾತ್ರ ಒಂದೇ ವೇಗದಲ್ಲಿ. ಸರಾಸರಿ 140 ಎಂಬಿ ಎಂದುಕೊಂಡರೆ ನಾಲ್ಕು ಟಿಬಿಗೆ ಸುಮಾರು ಎಂಟು ಗಂಟೆ. ಅಷ್ಟು ಹೊತ್ತು ಕಾಯಬೇಕಾಗಿಲ್ಲ, ನಡುವೆಯೇ ಫಾರ್ಮ್ಯಾಟ್ ಮಾಡಿ ಬಳಸಬಹುದು.

ಫಾರ್ಮ್ಯಾಟ್ ಮಾಡಿದ ಮೇಲೆ ತಮ್ಮ ಮತ್ತೆ ಬಂದ. "ನಾಲ್ಕೂ ಇಲ್ಲವಲ್ಲ ಇಲ್ಲಿ, 3.6 ತೋರಿಸ್ತಿದೆ!" ತಯಾರಕರು ಟಿಬಿ ಎಂದರೆ ಹತ್ತರ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರ್ ಎರಡರ ಲೆಕ್ಕ ಹಿಡಿಯುತ್ತದೆ. ಅದರ ಮೇಲೆ ಇಎಕ್ಸ್‌ಟಿ4 ಶೇಕಡಾ ಐದನ್ನು ರೂಟ್ ಬಳಕೆದಾರನಿಗೆಂದು ಎತ್ತಿಡುತ್ತದೆ, ನಮ್ಮಲ್ಲಿ ಅದೇ 200 ಜಿಬಿ. ಆಪರೇಟಿಂಗ್ ಸಿಸ್ಟಮ್ ಇಲ್ಲದ ಡಿಸ್ಕಿಗೆ ಅಷ್ಟು ಕಾಯ್ದಿರಿಸುವುದು ಅನಗತ್ಯ. ಟ್ಯೂನ್2ಎಫ್‌ಎಸ್‌ನಿಂದ ಶೇಕಡಾ ಒಂದಕ್ಕೆ ಇಳಿಸಿದೆ.

ಜೋಡಿಯ ವಿವರವನ್ನು ಎಂಡಿಆಡ್ಮ್‌ನ ಸಂರಚನಾ ಕಡತಕ್ಕೆ ಸೇರಿಸಿ, ಬೂಟಿನ ಆರಂಭದಲ್ಲಿ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿಸಬೇಕು. ಇಲ್ಲವಾದರೆ ಮುಂದಿನ ಬೂಟಿನಲ್ಲಿ ಎಂಡಿ0 ಎಂದಿದ್ದದ್ದು ಎಂಡಿ127 ಎಂಬ ಹೆಸರಿನಲ್ಲಿ ಬಂದು ಕೂರುತ್ತದೆ. ಬೂಟಿನಲ್ಲಿ ಏನೇನು ಮೌಂಟ್ ಆಗಬೇಕೆಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಯುಯುಐಡಿ ಎಂಬ ಗುರುತು ಸಂಖ್ಯೆ ಕೊಟ್ಟು, ಜೊತೆಗೆ ನೋಫೇಲ್ ಎಂಬ ಪದ ಸೇರಿಸಿದೆ. ಆ ಪದ ಇಲ್ಲದಿದ್ದರೆ ಜೋಡಿ ಕಾಣದ ದಿನ ಯಂತ್ರ ಕಪ್ಪು ತೆರೆಯ ಮೇಲೆ ಎಮರ್ಜೆನ್ಸಿ ಮೋಡ್ ಎಂದು ಬರೆದು ನಿಂತುಬಿಡುತ್ತದೆ.

ಇಷ್ಟಕ್ಕೇ ಹೆಚ್ಚಿನವರು ಕೈತೊಳೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಕೆಲಸ ಶುರುವಾಗುವುದೇ ಇಲ್ಲಿಂದ. ಡಿಸ್ಕ್ ಸತ್ತ ಮೇಲೆ ಕೈಪಿಡಿ ಹುಡುಕುವುದು ಬಾಯಾರಿದಾಗ ಬಾವಿ ತೋಡುವ ಕೆಲಸ. ಆ ದಿನ ಗಾಬರಿ ಇರುತ್ತದೆ, ಇರುವುದು ಒಂದೇ ಪ್ರತಿ, ಕೊಟ್ಟ ಒಂದು ತಪ್ಪು ಆಜ್ಞೆ ಅದನ್ನೂ ಅಳಿಸಬಲ್ಲದು. ಮಾಹಿತಿ ಇನ್ನೂ ಹಳೆಯ ಡಿಸ್ಕಿನಲ್ಲಿ ಸುರಕ್ಷಿತವಾಗಿರುವಾಗಲೇ ಜೋಡಿಯನ್ನು ಕೈಯಾರೆ ಮುರಿದು ನೋಡಬೇಕು. ಒಂದಷ್ಟು ಫೋಟೊ ಮತ್ತು ವಿಡಿಯೊಗಳ ನಕಲು ಹಾಕಿ ಶುರು ಮಾಡಿದೆ.

ಮೊದಲನೆಯದು ಸುಳ್ಳು ಸಾವು. ತಮ್ಮ ಆ ಜೋಡಿಯಲ್ಲಿದ್ದ ವಿಡಿಯೊ ನೋಡುತ್ತಿರುವಾಗ, ಇನ್ನೊಂದು ಟರ್ಮಿನಲ್‌ನಿಂದ ಒಂದು ಡಿಸ್ಕ್ ಕೆಟ್ಟಿದೆ ಎಂದು ಎಂಡಿಆಡ್ಮ್‌ಗೆ ಹೇಳಿದೆ. ಎಂಡಿಸ್ಟ್ಯಾಟ್‌ನಲ್ಲಿ, ಎರಡೂ ಡಿಸ್ಕ್ ಸರಿಯಿವೆ ಎಂದು ಚೌಕ ಆವರಣದಲ್ಲಿದ್ದ ಎರಡು ಯು ಅಕ್ಷರಗಳಲ್ಲಿ ಒಂದು ಹೋಗಿ ಅಡಿಗೆರೆ ಬಂತು, ಆ ಡಿಸ್ಕಿನ ಹೆಸರಿನ ಪಕ್ಕ ಎಫ್ ಅಕ್ಷರ. ವಿಡಿಯೊ ಒಂದು ಕ್ಷಣವೂ ತಡವರಿಸಲಿಲ್ಲ. "ಏನಾದ್ರೂ ಗೊತ್ತಾಯ್ತೇನೋ?" ಎಂದರೆ "ಏನು?" ಎಂದ. ಇದು ಸಂತೋಷದ ವಿಷಯ, ಜೊತೆಗೆ ಭಯದ ವಿಷಯವೂ. ಡಿಸ್ಕ್ ಸತ್ತದ್ದು ಯಾರಿಗೂ ತಿಳಿಯದಿದ್ದರೆ ತಿಂಗಳುಗಟ್ಟಲೆ ಒಂಟಿ ಡಿಸ್ಕಿನ ಮೇಲೆ ನಿಶ್ಚಿಂತೆಯಿಂದ ಕೂತಿರುತ್ತೇವೆ, ಎರಡನೆಯದೂ ಹೋದಾಗಲೇ ಎಚ್ಚರ.

ಅದಕ್ಕೆ ಎಂಡಿಆಡ್ಮ್‌ನ ಕಾವಲು ಸೇವೆ ಇದೆ. ಅದು ಮಾಮೂಲಾಗಿ ಇಮೇಲ್ ಕಳಿಸುತ್ತದೆ. ಮನೆಯ ಡೆಸ್ಕ್‌ಟಾಪ್‌ನಲ್ಲಿ ಇಮೇಲ್ ಹೊರಗೆ ಕಳಿಸುವ ವ್ಯವಸ್ಥೆ ಎಲ್ಲಿರುತ್ತದೆ? ಸಂರಚನಾ ಕಡತದಲ್ಲಿ ಪ್ರೋಗ್ರಾಂ ಎಂಬ ಸಾಲು ಹಾಕಿ ಸಣ್ಣ ಸ್ಕ್ರಿಪ್ಟ್ ಒಂದಕ್ಕೆ ಕಟ್ಟಿದೆ. ಏನಾದರೂ ಆದರೆ ಯಾರು ಲಾಗಿನ್ ಆಗಿದ್ದರೂ ಅವರ ತೆರೆಯ ಮೇಲೆ ಕೆಂಪು ಸೂಚನೆ ಬರುತ್ತದೆ, ಮುಚ್ಚುವ ತನಕ ಹೋಗುವುದಿಲ್ಲ. ಪರೀಕ್ಷಾ ಸಂದೇಶ ಕಳಿಸುವ ಆಯ್ಕೆಯೂ ಅದರಲ್ಲೇ ಇದೆ. ಅದನ್ನು ಓಡಿಸಿ, ತಮ್ಮನ ಲಾಗಿನ್‌ನಲ್ಲಿಯೂ ಸೂಚನೆ ಬಂದದ್ದನ್ನು ನೋಡಿದ ಮೇಲೆಯೇ ನೆಮ್ಮದಿ.

ಎರಡನೆಯದು ನಿಜವಾದ ಕೀಳುವಿಕೆ. ಯಂತ್ರ ಆಫ್ ಮಾಡಿ, ಒಂದು ಡಿಸ್ಕಿನ ಕೇಬಲ್ ತೆಗೆದು, ಯಂತ್ರವನ್ನು ಮತ್ತೆ ಆನ್ ಮಾಡಿದೆ. ಬೂಟ್ ಆಗುವಾಗ ಇನ್ನೊಂದಕ್ಕಾಗಿ ಸುಮಾರು ಅರ್ಧ ನಿಮಿಷ ಕಾದು, ಬರುವುದಿಲ್ಲ ಎಂದಾದ ಮೇಲೆ ಒಂದರಲ್ಲೇ ಜೋಡಿ ಎದ್ದು ನಿಂತಿತು. ಕೆಂಪು ಸೂಚನೆಯೂ ಬಂತು. ಹೊಸ ಕಡತಗಳನ್ನು ಬರೆದು, ಮತ್ತೆ ಆಫ್ ಮಾಡಿ, ಕಿತ್ತ ಡಿಸ್ಕನ್ನು ಮರಳಿ ಸಿಕ್ಕಿಸಿದೆ. ಅದು ತಾನಾಗಿ ಜೋಡಿಗೆ ಸೇರಲಿಲ್ಲ. ಹಳತಾಗಿದೆ ಎಂದು ಹೊರಗಿಟ್ಟಿದ್ದೇನೆ ಎಂದು ಕರ್ನಲ್ ಲಾಗ್‌ನಲ್ಲಿ ಬರೆದಿತ್ತು. ಪ್ರತಿ ಡಿಸ್ಕಿನ ಮೆಟಾಡೇಟಾದಲ್ಲಿ ಘಟನೆಗಳ ಎಣಿಕೆ ಇರುತ್ತದೆ. ಯಾವುದರ ಎಣಿಕೆ ಹಿಂದೆ ಬಿದ್ದಿದೆಯೋ ಅದು ಹಳೆಯದು. ರೀಆಡ್ ಎಂದು ಕೊಟ್ಟ ಮೇಲೆ ಸೇರಿಕೊಂಡಿತು, ಅದೂ ಗಂಟೆಗಟ್ಟಲೆ ಅಲ್ಲ, ಕೆಲವೇ ಸೆಕೆಂಡಿನಲ್ಲಿ. ಯಾವ ಭಾಗಗಳಿಗೆ ಬರೆಯಲಾಗಿದೆ ಎಂಬ ನಕ್ಷೆಯನ್ನು, ಬಿಟ್‌ಮ್ಯಾಪ್ ಎನ್ನುವುದನ್ನು, ಎಂಡಿ ದೊಡ್ಡ ಜೋಡಿಗಳಿಗೆ ತಾನಾಗಿ ಇಟ್ಟುಕೊಂಡಿರುತ್ತದೆ. ಬದಲಾದಷ್ಟನ್ನೇ ನಕಲಿಸಿತು.

ಇಲ್ಲಿ ಒಂದು ಎಚ್ಚರಿಕೆ. ಇಂದು ಈ ಡಿಸ್ಕನ್ನು ಒಂಟಿಯಾಗಿ ಓಡಿಸಿ, ನಾಳೆ ಅದನ್ನು ಬಿಚ್ಚಿ ಇನ್ನೊಂದನ್ನು ಒಂಟಿಯಾಗಿ ಓಡಿಸಬಾರದು. ಎರಡರ ಮೇಲೂ ಬೇರೆಬೇರೆ ಬರಹ ಬಿದ್ದು, ಯಾವುದು ಮುಂದೆ ಯಾವುದು ಹಿಂದೆ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ಕೊನೆಗೆ ಒಂದರದ್ದನ್ನು ಬಲಿಕೊಡಬೇಕಾಗುತ್ತದೆ.

ಮೂರನೆಯದು ಪೂರ್ಣ ಬದಲಿ. ಒಂದು ಡಿಸ್ಕನ್ನು ಜೋಡಿಯಿಂದ ತೆಗೆದು, ಅದರ ಮೆಟಾಡೇಟಾ, ಪಾರ್ಟಿಷನ್ ಪಟ್ಟಿ ಎಲ್ಲವನ್ನೂ ಒರೆಸಿ, ಈಗಷ್ಟೇ ತಂದ ಡಿಸ್ಕ್ ಎಂಬಂತೆ ಮತ್ತೆ ಸೇರಿಸುವುದು. ಉಳಿದ ಡಿಸ್ಕಿನಿಂದ ಪಾರ್ಟಿಷನ್ ಪಟ್ಟಿಯನ್ನು ನಕಲಿಸುವ ಆಜ್ಞೆಯಲ್ಲಿ ಎಲ್ಲಿಂದ ಎಲ್ಲಿಗೆ ಎಂಬ ಕ್ರಮ ಉಲ್ಟಾ ಆದರೆ ಖಾಲಿ ಪಟ್ಟಿ ಒಳ್ಳೆಯ ಡಿಸ್ಕಿನ ಮೇಲೆ ಹೋಗಿ ಕೂರುತ್ತದೆ. ಆ ಒಂದು ಸಾಲಿಗಾಗಿಯೇ ಈ ಅಭ್ಯಾಸ ಮಾಡಬೇಕು. ಎಂಟು ಗಂಟೆಯ ಮರುಜೋಡಣೆ ಮುಗಿದು ಎರಡು ಯು ಅಕ್ಷರಗಳು ಮತ್ತೆ ಕಾಣಿಸಿದ ಮೇಲೆ ಶಾ256 ಪಟ್ಟಿಯೊಂದಿಗೆ ಎಲ್ಲ ಕಡತಗಳನ್ನು ತಾಳೆ ನೋಡಿದೆ, ಸರಿಯಿದ್ದವು. ಕೊಟ್ಟ ಆಜ್ಞೆಗಳನ್ನು ಅದೇ ಕ್ರಮದಲ್ಲಿ ಕಾಗದದ ಮೇಲೆ ಬರೆದು ಕ್ಯಾಬಿನೆಟ್‌ನ ಪಕ್ಕದ ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ. ಕಂಪ್ಯೂಟರ್‌ನೊಳಗೆ ಕಡತ ಮಾಡಿಟ್ಟರೆ ಬೇಕಾದ ದಿನ ಅದು ಸಿಗುತ್ತದೆಂಬ ಖಾತ್ರಿ ಏನು?

ಇನ್ನು ತಮ್ಮನ ಬ್ಯಾಕಪ್ ಪ್ರಶ್ನೆ. ನಿಜವಾದ ಮಾಹಿತಿಯೆಲ್ಲ ಜೋಡಿಗೆ ಬಂದ ಮೇಲೆ, ಅಲ್ಲೊಂದು ಫೋಲ್ಡರ್ ಮಾಡಿ, ಒಂದಷ್ಟು ಚಿತ್ರ ಹಾಕಿ, "ಇದನ್ನು ಅಳಿಸು" ಎಂದೆ. ಟರ್ಮಿನಲ್‌ನಿಂದಲೇ ಅಳಿಸಿದ. "ಈಗ ಎರಡನೇ ಡಿಸ್ಕಿನಿಂದ ವಾಪಸ್ ತೆಗಿ ನೋಡೋಣ." ಸ್ವಲ್ಪ ಹೊತ್ತು ತೆರೆಯನ್ನೇ ನೋಡಿದ. "ಅಲ್ಲೂ ಹೋಯ್ತಾ?" ಹೋಗದೆ ಇನ್ನೇನು. ಬರೆಯುವುದು ಎರಡಕ್ಕೂ ಎಂದ ಮೇಲೆ ಅಳಿಸುವುದೂ ಎರಡಕ್ಕೂ. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ವೈರಸ್ ಬಂದರೆ ಬೀಗ ಬೀಳುವುದೂ ಎರಡಕ್ಕೇ. ಎಸ್‌ಎಂಪಿಎಸ್ ಕೆಟ್ಟು ಹೆಚ್ಚು ವೋಲ್ಟ್ ನುಗ್ಗಿದರೆ ಎರಡೂ ಒಂದೇ ತಂತಿಯಲ್ಲಿವೆ. ಹೊರಗಿನ ಯುಎಸ್‌ಬಿ ಡಿಸ್ಕಿನ ಬ್ಯಾಕಪ್ ಹಾಗೆಯೇ ಮುಂದುವರಿದಿದೆ, ನಕಲು ಮುಗಿದೊಡನೆ ಕಳಚಿ ಬೇರೆ ಕಡೆ ಇಡುತ್ತೇವೆ. ಈಗ ಅದನ್ನು ಹೆಚ್ಚು ಜ್ಞಾಪಿಸುವವನು ತಮ್ಮನೇ.

ಡೆಬಿಯನ್ ಬಳಗದಲ್ಲಿ ತಿಂಗಳ ಮೊದಲ ಭಾನುವಾರ ಎಂಡಿ ತಾನಾಗಿ ಎರಡೂ ಡಿಸ್ಕ್‌ಗಳನ್ನು ಪೂರ್ತಿ ಓದಿ ತಾಳೆ ನೋಡುತ್ತದೆ. ಅದು ನಡೆಯುತ್ತಿರುವಾಗ ಡಿಸ್ಕ್ ಗುರುಗುಟ್ಟುತ್ತದೆ, ಯಂತ್ರ ಕೊಂಚ ನಿಧಾನ. ಕಿರಿಕಿರಿ ಎಂದು ಇದನ್ನು ನಿಲ್ಲಿಸುವವರಿದ್ದಾರೆ. ನಾನು ನಿಲ್ಲಿಸಲಾರೆ. ವರ್ಷಗಳಿಂದ ಯಾರೂ ತೆರೆಯದ ಹಳೆಯ ಫೋಟೊ ಇರುವ ಸೆಕ್ಟರ್ ಕೆಟ್ಟಿದ್ದರೆ ಅದು ಗೊತ್ತಾಗುವುದು ಯಾರಾದರೂ ಓದಿದಾಗ ಮಾತ್ರ. ತಿಂಗಳ ತಾಳೆ ಇಲ್ಲದಿದ್ದರೆ ಆ ಓದು ನಡೆಯುವುದು ಇನ್ನೊಂದು ಡಿಸ್ಕ್ ಸತ್ತು ಮರುಜೋಡಣೆ ನಡೆಯುವ ದಿನ. ಆಗ ತಂದುಕೊಡಲು ಎರಡನೇ ಪ್ರತಿ ಎಲ್ಲಿಯೂ ಇರುವುದಿಲ್ಲ.

ಇತ್ತೀಚೆಗಿನ ಒಂದು ತಾಳೆಯ ಮುಂಚೆ ಒಂದು ಡಿಸ್ಕಿನ 197ನೇ ಸಾಲಿನಲ್ಲಿ ಸೊನ್ನೆ ಇದ್ದಲ್ಲಿ ಒಂದು ಕಂಡಿತು. ತಾಳೆ ಮುಗಿದ ಮೇಲೆ ಕರ್ನಲ್ ಲಾಗ್‌ನಲ್ಲಿ ಒಂದು ಸಾಲು ಸಿಕ್ಕಿತು: ರೀಡ್ ಎರರ್ ಕರೆಕ್ಟೆಡ್, ಎಂಟು ಸೆಕ್ಟರ್. ಓದಲಾಗದ ಆ ನಾಲ್ಕು ಕೆಬಿಯನ್ನು ಎಂಡಿ ಇನ್ನೊಂದು ಡಿಸ್ಕಿನಿಂದ ತಂದು ಅಲ್ಲಿಯೇ ಮತ್ತೆ ಬರೆದಿತ್ತು. 197 ಮರಳಿ ಸೊನ್ನೆಗೆ ಬಂದಿದೆ, ಐದನೇ ಸಾಲು ಏರಿಲ್ಲ, ಅಂದರೆ ಜಾಗ ಕೆಟ್ಟಿಲ್ಲ, ಬರಹವಷ್ಟೇ ಮಾಸಿತ್ತು. ಆ ಡಿಸ್ಕಿನ ಹೆಸರಿನ ಮುಂದೆ ಕಾಗದದಲ್ಲಿ ಒಂದು ಗುರುತು ಹಾಕಿದ್ದೇನೆ. ಐದನೇ ಸಾಲು ಏರಲು ಶುರುವಾದರೆ ಅದು ಸಾಯುವ ತನಕ ಕಾಯುವುದಿಲ್ಲ. ಖಾಲಿ ಬಿಟ್ಟ ನಡುವಿನ ಅಂತಸ್ತಿನಲ್ಲಿ ಮೂರನೇ ಡಿಸ್ಕ್ ಕೂರಿಸಿ, ಎಂಡಿಆಡ್ಮ್‌ನ ರಿಪ್ಲೇಸ್ ಆಯ್ಕೆಯಿಂದ ಹಳೆಯದು ಜೋಡಿಯಲ್ಲಿ ಇರುವಾಗಲೇ ಹೊಸದಕ್ಕೆ ನಕಲಿಸಿ, ಆಮೇಲೆ ಅದನ್ನು ಬಿಚ್ಚುವುದು. ಆ ಆಜ್ಞೆಯನ್ನೂ ಮುಚ್ಚಳದ ಕಾಗದಕ್ಕೆ ಸೇರಿಸಿಯಾಗಿದೆ.